ಬೀಳೋದಕ್ಕೆ ಕಥೆ ಯಾಕೆ ಬೇಕು?

ನಮ್ಮ ಹುಬ್ಬಳ್ಳಿ ಕಡೆ ಯಾರಾದರೂ ಸಿನಿಮಾ ನೋಡಿ ಬಂದರೆ ಮೊದಲು ಕೇಳುವುದು ಒಂದೇ ಪ್ರಶ್ನೆ. "ಸ್ಟೋರಿ ಹ್ಯಾಂಗೈತಿ?" ಹೀರೋ ಯಾರು ಅನ್ನೋದು ಪೋಸ್ಟರ್ ನೋಡಿದರೆ ಗೊತ್ತಾಗುತ್ತದೆ. ಹಾಡು ಮೊದಲೇ ಕೇಳಿರುತ್ತೇವೆ. ಉಳಿದದ್ದು ಸ್ಟೋರಿ. ಕಾಮಿಡಿ ಸಿನಿಮಾ ನೋಡಿ ಬಂದವರು ಮಾತ್ರ ಈ ಪ್ರಶ್ನೆಗೆ ಸ್ವಲ್ಪ ತಡವರಿಸುತ್ತಾರೆ. "ಸ್ಟೋರಿ ಅಂತ ಏನಿಲ್ಲ ಬಿಡ್ರಿ. ಆದ್ರ ನಕ್ಕೂ ನಕ್ಕೂ ಹೊಟ್ಟಿ ಹುಣ್ಣಾತು" ಅನ್ನುತ್ತಾರೆ. ನಗಲಿಕ್ಕೆ ಅಂತಲೇ ರೊಕ್ಕ ಕೊಟ್ಟು ಹೋಗಿದ್ದರು, ನಕ್ಕರು, ಬಂದರು. ಮತ್ತೆ ಈ ಸಂಕೋಚ ಯಾಕೆ?

ನನ್ನ ಅಣ್ಣನ ಮಗ ವಿದ್ಯಾನಗರದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಸಿನಿಮಾ ಹುಚ್ಚು ಜಾಸ್ತಿ. ಮೊನ್ನೆ ಒಂದು ರವಿವಾರ ಅವನಿಗೆ ಲಾರೆಲ್ ಮತ್ತು ಹಾರ್ಡಿ ಜೋಡಿಯ 'ದಿ ಮ್ಯೂಸಿಕ್ ಬಾಕ್ಸ್' ಹಾಕಿ ತೋರಿಸಿದೆ. 1932ರ ಚಿತ್ರ. ಅರ್ಧ ತಾಸಿಗೆ ಸ್ವಲ್ಪ ಕಡಿಮೆ. ಹುಡುಗ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಸೋಫಾದಿಂದ ಜಾರಿ ನೆಲಕ್ಕೆ ಬಂದ. ಎಲ್ಲ ಮುಗಿದ ಮೇಲೆ ಕಣ್ಣು ಒರೆಸಿಕೊಂಡು, "ಆದ್ರೂ ಕಾಕಾ, ಇದ್ರಾಗ ಸ್ಟೋರಿನ ಇಲ್ಲಲ್ಲ" ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಇಬ್ಬರು ಕೆಲಸಗಾರರು ಒಂದು ಪಿಯಾನೊ ಪೆಟ್ಟಿಗೆಯನ್ನು ಗುಡ್ಡದ ಮೇಲಿನ ಮನೆಗೆ ಒಯ್ಯಬೇಕು. ಮಧ್ಯೆ ನೂರಕ್ಕೂ ಹೆಚ್ಚು ಮೆಟ್ಟಿಲು. ಅಷ್ಟೇ ವಿಷಯ. ಪೆಟ್ಟಿಗೆ ಅರ್ಧ ಹತ್ತುತ್ತದೆ, ಜಾರುತ್ತದೆ, ಕೆಳಗೆ ಬರುತ್ತದೆ. ಮತ್ತೆ ಹತ್ತುತ್ತದೆ. ಮಗುವಿನ ಗಾಡಿ ತಳ್ಳಿಕೊಂಡು ಬರುವ ಆಯಾ ಒಬ್ಬಳು ಎದುರಾಗುತ್ತಾಳೆ, ಪೊಲೀಸ್ ಒಬ್ಬ ಬರುತ್ತಾನೆ, ದೊಡ್ಡ ಟೋಪಿಯ ಸಿಡುಕು ಪ್ರೊಫೆಸರ್ ಒಬ್ಬ ಬರುತ್ತಾನೆ. ಪ್ರತಿಯೊಬ್ಬರಿಗೂ ಪೆಟ್ಟಿಗೆ ತನ್ನ ರೀತಿಯಲ್ಲಿ ಉತ್ತರ ಕೊಡುತ್ತದೆ. ಕೊನೆಗೂ ಮೇಲೆ ತಲುಪಿ ಏದುಸಿರು ಬಿಡುವಾಗ ಅಂಚೆಯವ ಬಂದು, ಆ ಕಡೆ ಗಾಡಿ ಬರುವ ರಸ್ತೆ ಇತ್ತಲ್ಲ, ಹೊತ್ತು ತರೋದು ಯಾಕೆ ಬೇಕಿತ್ತು ಅನ್ನುತ್ತಾನೆ. ಆಗ ಇವರಿಬ್ಬರು ಏನು ಮಾಡುತ್ತಾರೆ? ಪಿಯಾನೊವನ್ನು ಮತ್ತೆ ಮೆಟ್ಟಿಲಿಳಿಸಿ ಕೆಳಗೆ ತಂದು, ಗಾಡಿಗೆ ಹಾಕಿ, ರಸ್ತೆ ಹಿಡಿದು ಮೇಲೆ ಒಯ್ಯುತ್ತಾರೆ!

ನಾನು ಎಷ್ಟು ಸಲ ನೋಡಿದರೂ ಆ ಜಾಗಕ್ಕೆ ಬಂದಾಗ ನನಗೆ ನಗು ತಡೆಯುವುದಿಲ್ಲ. ಅದರಲ್ಲಿ ತಿರುವು ಇಲ್ಲ, ರಹಸ್ಯ ಇಲ್ಲ. ದಡ್ಡತನಕ್ಕೂ ಒಂದು ಪ್ರಾಮಾಣಿಕತೆ ಇರುತ್ತದಲ್ಲ, ಅದು ಇದೆ. ಈ ಚಿತ್ರಕ್ಕೆ ಕಿರು ಹಾಸ್ಯಚಿತ್ರದ ಆಸ್ಕರ್ ಬಂತು. ಆ ಮೆಟ್ಟಿಲುಗಳು ಲಾಸ್ ಏಂಜಲೀಸ್‌ನಲ್ಲಿ ಈಗಲೂ ಇವೆ, ಜನ ಹೋಗಿ ನೋಡಿ ಬರುತ್ತಾರೆ.

ಹಾಗಾದರೆ ಬಿದ್ದು ಎದ್ದು ನಗಿಸುವ ಸಿನಿಮಾಕ್ಕೆ ಕಥೆ ಬೇಕೇ? ಹುಡುಗನ ಜೊತೆ ಶುರುವಾದ ವಾದ ಇನ್ನೂ ಮುಗಿದಿಲ್ಲ. ಬರೆದಾದರೂ ನೋಡೋಣ ಅಂತ ಕೂತಿದ್ದೇನೆ.

ಇದನ್ನು ಯೋಚಿಸುವಾಗೆಲ್ಲ ನನಗೆ ಮೊದಲು ನೆನಪಾಗುವುದು ಸಿನಿಮಾ ಅಲ್ಲ, ಹಾಲುಗಂಬ. ನಮ್ಮ ಅವ್ವನ ತವರು ರೋಣದ ಕಡೆ. ಓಕುಳಿ ಹಬ್ಬದಲ್ಲಿ ಊರ ಬಯಲಿನಲ್ಲಿ ಉದ್ದನೆಯ ಕಂಬ ನಿಲ್ಲಿಸುತ್ತಿದ್ದರು. ಅದಕ್ಕೆ ಎಣ್ಣೆ, ಜಿಗುಟು ಮಣ್ಣು, ಕೈಗೆ ಸಿಕ್ಕ ಜಾರುವ ಪದಾರ್ಥ ಎಲ್ಲ ಬಳಿದಿರುತ್ತಿದ್ದರು. ತುದಿಗೆ ತೆಂಗಿನಕಾಯಿ, ಒಂದು ರೊಕ್ಕದ ಗಂಟು. ಹುಡುಗರು ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ಹತ್ತಬೇಕು. ಸುತ್ತ ನಿಂತವರು ಬಿಂದಿಗೆಯಿಂದ ನೀರು ಎರಚುತ್ತಾರೆ. ಒಬ್ಬ ಮುಕ್ಕಾಲು ಕಂಬ ಹತ್ತಿ, ಇನ್ನೇನು ಕೈ ತುದಿಗೆ ತಾಗಬೇಕು ಅನ್ನುವಾಗ ನಿಧಾನಕ್ಕೆ, ಬಹಳ ನಿಧಾನಕ್ಕೆ, ಕೆಳಗೆ ಬರಲು ಶುರು ಮಾಡುತ್ತಾನೆ. ಮುಖದಲ್ಲಿ ಇನ್ನೂ ಹತ್ತುವ ಠೀವಿಯೇ ಇರುತ್ತದೆ. ಕಾಲು ಮಾತ್ರ ಇಳಿಯುತ್ತಿರುತ್ತದೆ. ಊರಿಗೆ ಊರೇ ಕೇಕೆ ಹಾಕುತ್ತದೆ.

ಅಲ್ಲಿ ಯಾರೂ ಸ್ಟೋರಿ ಕೇಳುವುದಿಲ್ಲ. ಬೇಕಾದ್ದೆಲ್ಲ ಕಣ್ಣಿಗೆ ಕಾಣುತ್ತದೆ. ಮೇಲೆ ಗಂಟು ಇದೆ, ಇವನಿಗೆ ಅದು ಬೇಕು, ಕಂಬ ಕೊಡುವುದಿಲ್ಲ. ಒಂದು ವೇಳೆ ತುದಿಯ ಗಂಟು ಬಿಚ್ಚಿ ತೆಗೆದುಬಿಟ್ಟರೆ? ಅದೇ ಹುಡುಗ, ಅದೇ ಕಂಬ, ಅದೇ ಎಣ್ಣೆ. ಸುಮ್ನೆ ಹತ್ತಿ ಜಾರುತ್ತಾನೆ. ನೋಡುವವರು ಸ್ವಲ್ಪ ಹೊತ್ತು ನಗಬಹುದು, ಆಮೇಲೆ ಗಿರ್ಮಿಟ್ ಎಲ್ಲಿ ಸಿಗುತ್ತದೆ ಅಂತ ಆ ಕಡೆ ನಡೆಯುತ್ತಾರೆ. ಬೀಳುವವನು ಎಲ್ಲಿಗೋ ಹೊರಟಿರಬೇಕು. ಹೊರಟಿಲ್ಲದವನು ಬಿದ್ದರೆ ಅದು ಬರೀ ಬೀಳುವುದು.

ಇನ್ನೊಂದು ಅಖಾಡ ಹಾವೇರಿ ಕಡೆಯದು. ದೀಪಾವಳಿ ಮುಗಿದ ಮೇಲೆ ಅಲ್ಲಿ ಹೋರಿ ಬೆದರಿಸುವ ಸ್ಪರ್ಧೆ ನಡೆಯುತ್ತದೆ. ಕೊಬ್ಬರಿ ಸರ, ಬಲೂನು ಕಟ್ಟಿಸಿಕೊಂಡ ಹೋರಿ ಜನರ ನಡುವೆ ಓಡುತ್ತದೆ. ಹುಡುಗರು ಅದರ ಕೊರಳಿನ ಕೊಬ್ಬರಿ ಕೀಳಲು ಮುಗಿಬೀಳುತ್ತಾರೆ. ಒಬ್ಬ ಹೋರಿ ಹತ್ತಿರ ಬಂತು ಅಂತ ಓಡುತ್ತಾ ತನ್ನದೇ ಕಾಲಿಗೆ ತೊಡರಿ ಮಕಾಡೆ ಬೀಳುತ್ತಾನೆ. ಹೋರಿ ಅವನನ್ನು ಲೆಕ್ಕಕ್ಕೇ ಇಡದೆ ಪಕ್ಕದಲ್ಲಿ ಹೋಗುತ್ತದೆ. ಅವನು ಎದ್ದು ಧೂಳು ಕೊಡವಿಕೊಂಡು ಯಾರಾದರೂ ನೋಡಿದರೇನೋ ಅಂತ ಆಚೀಚೆ ಕಣ್ಣಾಡಿಸುತ್ತಾನೆ. ಸಾವಿರ ಜನ ನೋಡಿರುತ್ತಾರೆ! ನಗೆಯೋ ನಗೆ. ಆದರೆ ಅದೇ ಅಖಾಡದಲ್ಲಿ ಬಿದ್ದವನು ಏಳದೆ ಹೋದರೆ ಆ ನಗು ಒಂದೇ ಕ್ಷಣದಲ್ಲಿ ನಿಂತುಬಿಡುತ್ತದೆ. ಈ ಆಟದಲ್ಲಿ ಜೀವ ಹೋದದ್ದೂ ಇದೆ. ಬಿದ್ದ ಮತ್ತು ಎದ್ದ ಇವೆರಡರ ನಡುವಿನ ಗಳಿಗೆಯಲ್ಲಿ ನಾವೆಲ್ಲ ಉಸಿರು ಹಿಡಿದಿರುತ್ತೇವೆ. ಎದ್ದ ಅಂತ ಗೊತ್ತಾದಾಗ ಆ ಉಸಿರು ನಗುವಾಗಿ ಹೊರಗೆ ಬರುತ್ತದೆ.

ಸಿನಿಮಾದಲ್ಲಿ ಈ ಭರವಸೆ ಮೊದಲೇ ಸಿಕ್ಕಿರುತ್ತದೆ. ಇವನು ಎದ್ದೇ ಏಳುತ್ತಾನೆ ಅಂತ ನಮಗೆ ಗೊತ್ತು. ಹಿಂದೆ ಇಟಲಿಯ ನಾಟಕ ಮಂಡಳಿಗಳ ವಿದೂಷಕರು ಎರಡು ತೆಳ್ಳನೆಯ ಹಲಗೆ ಜೋಡಿಸಿದ ಕೋಲು ಇಟ್ಟುಕೊಳ್ಳುತ್ತಿದ್ದರು. ಅದರಿಂದ ಹೊಡೆದರೆ ಹಲಗೆಗೆ ಹಲಗೆ ಬಡಿದು ಸದ್ದು ಪಟಾರ್ ಅಂತ ಬರುತ್ತದೆ, ಪೆಟ್ಟು ಮಾತ್ರ ತಾಗುವುದಿಲ್ಲ. ಪೆಟ್ಟಿಲ್ಲದ ಸದ್ದು. ಈ ಇಡೀ ಕಲೆಯ ಒಪ್ಪಂದವೇ ಅದು. ಕಥೆ ಮಾಡಬೇಕಾದ ಒಂದು ಕೆಲಸವನ್ನು, ಅಂದರೆ ನೋಡುವವರಿಗೆ ಧೈರ್ಯ ಕೊಡುವ ಕೆಲಸವನ್ನು, ಆ ಕೋಲು ಯಾವ ಕಥೆಯೂ ಇಲ್ಲದೆ ಮಾಡಿಬಿಟ್ಟಿತು.

ಆದರೆ ತೆರೆಯ ಹಿಂದೆ ಪೆಟ್ಟು ತಿಂದವರು ಬಹಳ. ಮೂಕಿ ಕಾಲದ ಹಾಸ್ಯನಟ ಬಸ್ಟರ್ ಕೀಟನ್ 1928ರ ಒಂದು ಚಿತ್ರದಲ್ಲಿ ಬಿರುಗಾಳಿಗೆ ಕಿತ್ತು ಬೀಳುವ ಮನೆಯ ಮುಂದೆ ನಿಂತಿರುತ್ತಾನೆ. ಮನೆಯ ಇಡೀ ಮುಂಗೋಡೆ ಅವನ ಮೇಲೆ ಬೀಳುತ್ತದೆ. ಮೇಲಿನ ಒಂದು ತೆರೆದ ಕಿಟಕಿ ಸರಿಯಾಗಿ ಅವನು ನಿಂತ ಜಾಗಕ್ಕೆ ಬರುತ್ತದೆ, ಅವನು ಉಳಿಯುತ್ತಾನೆ. ಅದು ಕ್ಯಾಮೆರಾ ಮೋಸ ಅಲ್ಲ. ನಿಜವಾಗಿ ಭಾರದ ಗೋಡೆ, ನಿಜವಾಗಿ ನಿಂತ ಮನುಷ್ಯ, ಸುತ್ತ ಕೆಲವೇ ಇಂಚು ಜಾಗ. 1924ರ ಇನ್ನೊಂದು ಚಿತ್ರದಲ್ಲಿ ರೈಲಿಗೆ ನೀರು ತುಂಬುವ ಟ್ಯಾಂಕಿನ ನೀರು ಮೇಲೆ ಬಿದ್ದು ಕುತ್ತಿಗೆ ಮೂಳೆ ಬಿರುಕು ಬಿಟ್ಟಿತ್ತು. ಅದು ಅವನಿಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ ಎಕ್ಸ್-ರೇ ತೆಗೆದಾಗ. ಹೆರಾಲ್ಡ್ ಲಾಯ್ಡ್ 1923ರಲ್ಲಿ ಎತ್ತರದ ಕಟ್ಟಡದ ಗಡಿಯಾರದ ಮುಳ್ಳಿಗೆ ನೇತಾಡಿದ ಚಿತ್ರ ಎಲ್ಲರೂ ನೋಡಿರುತ್ತೀರಿ. ಅದಕ್ಕೆ ನಾಲ್ಕು ವರ್ಷ ಮೊದಲೇ ಒಂದು ಸ್ಫೋಟದಲ್ಲಿ ಅವನ ಬಲಗೈಯ ಹೆಬ್ಬೆರಳು, ತೋರುಬೆರಳು ಹೋಗಿದ್ದವು. ಕೈಗವಸು ಹಾಕಿಕೊಂಡು ನೇತಾಡಿದ್ದ. ಇದನ್ನೆಲ್ಲ ತಿಳಿದ ಮೇಲೆ ಇವರ ಸಿನಿಮಾದಲ್ಲಿ ಕಥೆ ತೆಳುವಾಯಿತು ಅಂತ ದೂರಲು ನನಗಂತೂ ಬಾಯಿ ಬರುವುದಿಲ್ಲ.

ಈ ಜಗಳ ಸಿನಿಮಾ ಹುಟ್ಟಿದಾಗಿನಿಂದಲೂ ಇದೆ. 1895ರಲ್ಲಿ ಫ್ರಾನ್ಸಿನ ಲೂಮಿಯೇರ್ ಸಹೋದರರು ತೋರಿಸಿದ ಮೊದಮೊದಲ ತುಣುಕುಗಳಲ್ಲಿ ಒಂದು ತೋಟದ ಮಾಲಿಯದು. ಮಾಲಿ ಪೈಪು ಹಿಡಿದು ಗಿಡಕ್ಕೆ ನೀರು ಬಿಡುತ್ತಿದ್ದಾನೆ. ಒಬ್ಬ ಹುಡುಗ ಹಿಂದಿನಿಂದ ಬಂದು ಪೈಪು ತುಳಿಯುತ್ತಾನೆ. ನೀರು ನಿಲ್ಲುತ್ತದೆ. ಮಾಲಿ ಪೈಪಿನ ಬಾಯಿ ಬಗ್ಗಿ ನೋಡುತ್ತಾನೆ. ಹುಡುಗ ಕಾಲು ತೆಗೆಯುತ್ತಾನೆ. ಆಮೇಲೆ ಓಟ, ಹಿಡಿಯುವುದು, ಪೆಟ್ಟು. ಒಂದು ನಿಮಿಷವೂ ಇಲ್ಲ. ಇದನ್ನು ಕಥೆ ಅನ್ನುವಿರೋ ಬಿಡುವಿರೋ ನಿಮಗೆ ಬಿಟ್ಟದ್ದು. ನನಗೆ ಕಾಣುವುದು ಇಷ್ಟು: ಮಾಲಿಗಿಂತ ಮೊದಲು ನಮಗೆ ಗೊತ್ತಾಗಿರುತ್ತದೆ. ಅವನು ಬಗ್ಗುವಾಗಲೇ ನಾವು ನಗಲು ಬಾಯಿ ತೆರೆದಿರುತ್ತೇವೆ.

ಮುಂದೆ ಅಮೆರಿಕದಲ್ಲಿ ಮ್ಯಾಕ್ ಸೆನೆಟ್ ಅನ್ನುವವರು 1912ರಲ್ಲಿ ಕೀಸ್ಟೋನ್ ಕಂಪನಿ ಶುರು ಮಾಡಿ ಇದನ್ನೇ ಕಾರ್ಖಾನೆ ಮಾಡಿದರು. 1914ರಲ್ಲಿ ಅಲ್ಲಿಗೆ ಹೊಸದಾಗಿ ಬಂದ ಚಾರ್ಲಿ ಚಾಪ್ಲಿನ್ ತನ್ನ ಆತ್ಮಕಥೆಯಲ್ಲಿ ಒಂದು ಮಾತು ಬರೆದಿದ್ದಾನೆ. ನಮ್ಮಲ್ಲಿ ಚಿತ್ರಕಥೆ ಅಂತ ಇರುವುದಿಲ್ಲ, ಒಂದು ಐಡಿಯಾ ಹಿಡಿದು ಅದು ಹೋದ ಕಡೆ ಹೋಗುತ್ತೇವೆ, ಕೊನೆಗೆ ಬೆನ್ನಟ್ಟುವ ಓಟಕ್ಕೆ ಬಂದು ಮುಟ್ಟುತ್ತೇವೆ ಅಂತ ಸೆನೆಟ್ ಅವನಿಗೆ ವಿವರಿಸಿದರಂತೆ. ಚಾಪ್ಲಿನ್‌ಗೆ ಆ ಓಟ ಹಿಡಿಸಲಿಲ್ಲ. ಓಟದಲ್ಲಿ ನಟನ ವ್ಯಕ್ತಿತ್ವ ಕಳೆದುಹೋಗುತ್ತದೆ ಅನ್ನೋದು ಅವನ ತಕರಾರು. ನನಗೂ ಹಾಗೇ ಅನಿಸುತ್ತದೆ. ನಮ್ಮ ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ಅಲ್ಲಿ ಈ ತುದಿಯಿಂದ ಆ ತುದಿಗೆ ಕೀಸ್ಟೋನ್ ಸಿನಿಮಾಗಳ ಹಾಸ್ಯ ಪೊಲೀಸರನ್ನು ಓಡಿಸಿದರೆ ಅರ್ಧದಲ್ಲೇ ನೋಡುವವರು ಚಹಾ ಕುಡಿಯಲು ಹೋಗುತ್ತಾರೆ. ಓಟ ಉದ್ದವಾದಷ್ಟೂ ನಗು ಉದ್ದವಾಗುವುದಿಲ್ಲ.

ಚಾಪ್ಲಿನ್ ಹಿಡಿದ ದಾರಿ ಬೇರೆ. 1925ರ 'ದಿ ಗೋಲ್ಡ್ ರಶ್'ನಲ್ಲಿ ಹಿಮದ ನಡುವಿನ ಗುಡಿಸಲಿನಲ್ಲಿ ಇಬ್ಬರು ಹಸಿದು ಸಿಕ್ಕಿಬಿದ್ದಿರುತ್ತಾರೆ. ಚಾಪ್ಲಿನ್ ತನ್ನ ಬೂಟು ಬೇಯಿಸುತ್ತಾನೆ. ತಟ್ಟೆಗೆ ಹಾಕಿ, ಅಟ್ಟೆ ಬಿಡಿಸಿ, ಲಾಡಿಯನ್ನು ಶಾವಿಗೆ ಹಾಗೆ ಸುತ್ತಿ ಬಾಯಿಗಿಡುತ್ತಾನೆ. ಮೊಳೆಗಳನ್ನು ಎಲುಬು ಚೀಪಿದ ಹಾಗೆ ಚೀಪುತ್ತಾನೆ. ಚಿತ್ರೀಕರಣಕ್ಕೆ ಬಳಸಿದ ಬೂಟು ಲೈಕೋರೈಸ್‌ನಿಂದ ಮಾಡಿದ್ದು. ಅಂದರೆ ನಮ್ಮ ಧಾರವಾಡದ ಗಾಯಕರು ಗಂಟಲಿಗೆ ಒಳ್ಳೇದು ಅಂತ ಜಗಿಯುವ ಜ್ಯೇಷ್ಠಮಧು! ಈ ದೃಶ್ಯದ ಹಿಂದೆ ಇದ್ದದ್ದು ಹಾಸ್ಯವೇ ಅಲ್ಲ. ಹಿಮದಲ್ಲಿ ಸಿಕ್ಕಿಕೊಂಡು, ಹಸಿವಿಗೆ ಸತ್ತವರ ಮಾಂಸ ತಿಂದ ವಲಸಿಗರ ಬಗ್ಗೆ ಓದಿದ್ದರಿಂದ ಇದು ಹೊಳೆಯಿತು ಅಂತ ಚಾಪ್ಲಿನ್ ಬರೆದಿದ್ದಾನೆ.

ಇಲ್ಲಿ ಕಥೆ ಬೇಕಾಯಿತೇ? ಹಸಿವು ಬೇಕಾಯಿತು. ಹೊಟ್ಟೆ ತುಂಬಿದವನು ಬೂಟು ತಿಂದರೆ ಅವನಿಗೆ ತಲೆ ಕೆಟ್ಟಿದೆ ಅನ್ನುತ್ತೇವೆ. ಹಸಿದವನು ಅದನ್ನು ಮರ್ಯಾದೆಯಿಂದ, ಮದುವೆ ಮನೆಯ ಪಂಕ್ತಿಯಲ್ಲಿ ಕೂತವನ ಹಾಗೆ ತಿಂದರೆ ನಗು ಬರುತ್ತದೆ, ನಗುವಿನ ಹಿಂದೆ ಬೇರೆ ಏನೋ ಬರುತ್ತದೆ. ಅವನು ಬಂಗಾರ ಹುಡುಕಲು ಬಂದಿದ್ದು, ನಾಯಕಿಯ ಪ್ರೇಮ, ಕೊನೆಗೆ ಶ್ರೀಮಂತ ಆಗಿದ್ದು ಇದೆಲ್ಲ ಮರೆತರೂ ಬೂಟು ಮರೆಯುವುದಿಲ್ಲ. ನಾನು ಪ್ರೇಮದ ಭಾಗ ಎಷ್ಟೋ ಮರೆತಿದ್ದೇನೆ.

ಧಾರವಾಡದ ಗಾಳಿ ಕುಡಿದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಹಿಂದೂಸ್ತಾನಿ ಸಂಗೀತದ ಖಯಾಲ್ ಕೇಳಿರುತ್ತೀರಲ್ಲ. ಬಂದಿಶ್ ಅಂತ ಎರಡೋ ನಾಲ್ಕೋ ಸಾಲು ಇರುತ್ತದೆ. ಅತ್ತೆ ನಾದಿನಿ ಎಚ್ಚರ ಇದ್ದಾರೆ, ಗೆಜ್ಜೆ ಸದ್ದು ಮಾಡುತ್ತಿದೆ, ಹ್ಯಾಗೆ ಬರಲಿ ಅಂತ ಒಬ್ಬಳು ಕೇಳುತ್ತಾಳೆ. ಮುಗೀತು ಸ್ಟೋರಿ. ಅದರ ಮೇಲೆ ಒಂದು ತಾಸು ಹಾಡುತ್ತಾರೆ. ಮಲ್ಲಿಕಾರ್ಜುನ ಮನಸೂರರ ಮುಂದೆ ಕೂತು ಯಾರಾದರೂ "ಮುಂದ ಆ ನಾದಿನಿ ಏನ್ ಮಾಡಿದಳ್ರಿ" ಅಂತ ಕೇಳಿದ್ದುಂಟೇ? ಕೇಳುವವರ ಮನಸ್ಸೆಲ್ಲ ಸಮ್‌ನ ಕಡೆ, ಅಂದರೆ ತಾಳದ ಸುತ್ತು ಮರಳಿ ಶುರುವಾಗುವ ಮೊದಲ ಪೆಟ್ಟಿನ ಕಡೆ. ತಬಲಾ ಸುತ್ತಿ ಬರುತ್ತಿದೆ, ಸಮ್ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ಹಾಡುವವರು ಬೇರೆಲ್ಲೋ ಇದ್ದಾರೆ. ಈ ಸಲ ಬರಲಿಕ್ಕಿಲ್ಲ, ತಪ್ಪಿತು ಅನ್ನುವಾಗ ಸರಿಯಾಗಿ ಬಂದು ನಿಲ್ಲುತ್ತಾರೆ. ಇಡೀ ಸಭೆ ತಲೆದೂಗುತ್ತದೆ.

ಹೆಗಲ ಮೇಲೆ ಉದ್ದನೆಯ ಹಲಗೆ ಹೊತ್ತವನು ತಿರುಗುವಾಗ ನಡೆಯುವುದೂ ಇದೇ. ಹಲಗೆಯ ಹಿಂತುದಿ ಸುತ್ತಿ ಬಂದು ಯಾರ ತಲೆಗೆ ಬಡಿಯುತ್ತದೆ ಅಂತ ನಮಗೆ ಗೊತ್ತು. ಮೊದಲ ಸಲ ಬಡಿಯುತ್ತದೆ. ಎರಡನೇ ಸಲ ಆ ಮನುಷ್ಯ ಬಗ್ಗುತ್ತಾನೆ, ತಪ್ಪಿಸಿಕೊಂಡೆ ಅಂತ ನೆಟ್ಟಗಾಗುತ್ತಾನೆ, ಹಲಗೆ ವಾಪಸ್ ಬರುತ್ತದೆ. ಇಲ್ಲಿ ತಾಳ ಹಾಕುವುದು ಭೂಮಿ. ಎತ್ತಿದ್ದು ಇಳಿಯಬೇಕು, ಒದ್ದೆ ಇದ್ದಲ್ಲಿ ಜಾರಬೇಕು, ಭಾರದ್ದು ಹಗುರಾದ್ದನ್ನು ಎಳೆಯಬೇಕು. ಈ ನಿಯಮ ಹಸುಗೂಸಿಗೂ ಗೊತ್ತು. ಮಾತಿನ ಹಾಸ್ಯಕ್ಕೆ ಯಾರು ಯಾರ ಭಾವ, ಯಾರಿಗೆ ಯಾರ ಮೇಲೆ ಸಿಟ್ಟು ಅಂತ ಮೊದಲು ತಿಳಿಸಬೇಕು. ಮೈ ಹಾಸ್ಯಕ್ಕೆ ಆ ಪೀಠಿಕೆ ಬೇಡ. ಬಂದಿಶ್‌ನಷ್ಟು ಕಥೆ ಸಾಕು, ಆದರೆ ತಾಳ ತಪ್ಪಬಾರದು.

ನಮ್ಮ ಕನ್ನಡ ಸಿನಿಮಾಗಳಲ್ಲಿ ಈ ತಾಳ ಎಲ್ಲಿ ತಪ್ಪಿತು? ಇದಕ್ಕೆ ಸ್ವಲ್ಪ ಹಿಂದೆ, ಕಂಪನಿ ನಾಟಕಕ್ಕೆ ಹೋಗಬೇಕು. ಗದಗಿನ ಗರೂಡ ಸದಾಶಿವರಾಯರು, ಏಣಗಿ ಬಾಳಪ್ಪನವರು, ಗದಗಿನ ವೀರೇಶ್ವರ ಪುಣ್ಯಾಶ್ರಮದವರು ಹೀಗೆ ನಮ್ಮ ಕಡೆ ದೊಡ್ಡ ದೊಡ್ಡ ಕಂಪನಿಗಳನ್ನು ಕಟ್ಟಿದವರಿದ್ದಾರೆ. ಈ ನಾಟಕಗಳಲ್ಲಿ ಅರಮನೆಯ ಸೀನು ಬಿಚ್ಚಿ ಕಾಡಿನ ಸೀನು ಕಟ್ಟಲು ಹೊತ್ತು ಬೇಕು. ಅಷ್ಟು ಹೊತ್ತು ಜನರನ್ನು ಹಿಡಿದಿಡಬೇಕು. ಆಗ ಮುಂದಿನ ಪರದೆ ಇಳಿಯುತ್ತದೆ. ಪರದೆಯ ಮುಂದಿನ ಸಣ್ಣ ಜಾಗಕ್ಕೆ ಹಾಸ್ಯಗಾರ ಬರುತ್ತಾನೆ. ಹಿಂದೆ ಮೊಳೆ ಬಡಿಯುವ ಸದ್ದು, ಮುಂದೆ ಇವನು. ಕಥೆ ಪರದೆಯ ಹಿಂದೆ ಇದೆ, ಇವನ ಕೈಯಲ್ಲಿ ಇಲ್ಲ. ಒಳಗಿನಿಂದ ಸೂಚನೆ ಬರುವವರೆಗೆ ಬಗ್ಗಿ, ಎದ್ದು, ಜಾರಿ, ಹೆದರಿ ಹೇಗಾದರೂ ಸರಿ, ಜನ ಏಳದ ಹಾಗೆ ನೋಡಿಕೊಳ್ಳಬೇಕು. ಬೆಂಚಿನ ಮೇಲೆ ಕೂತ ಜನ ಸುಮ್ಮನಾದರೆ ಅವನಿಗೆ ಆಗಲೇ ಗೊತ್ತಾಗುತ್ತದೆ. ಎಂಥ ಗರಡಿ ನೋಡಿ!

ನರಸಿಂಹರಾಜು ಅಂಥ ಕಂಪನಿಗಳಲ್ಲೇ ಪಳಗಿ ಸಿನಿಮಾಕ್ಕೆ ಬಂದವರು. ಅವರು ಹೆದರಿದರೆ ಹಲ್ಲಿನಿಂದ ಹಿಡಿದು ಹೆಬ್ಬೆರಳಿನವರೆಗೆ ಹೆದರುತ್ತಿದ್ದರು. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಆದರೂ ಎದುರಿನವರ ಮಾತು ಮುಗಿದ ಗಳಿಗೆಗೆ ಸರಿಯಾಗಿ ಕಣ್ಣು ತಿರುಗಿಸುತ್ತಿದ್ದರು. ದ್ವಾರಕೀಶ್ ತಮ್ಮ ಕುಳ್ಳ ಮೈಯನ್ನೇ ಬಂಡವಾಳ ಮಾಡಿಕೊಂಡರು. ಇವರ ಹಾಸ್ಯ ಎಷ್ಟೋ ಸಲ ಕಥೆಯ ಹೊರಗೇ ಇರುತ್ತಿತ್ತು, ನಿಜ. ಆದರೆ ಆ ಪಾತ್ರಕ್ಕೆ ಏನು ಬೇಕು, ಯಾವುದಕ್ಕೆ ಅಂಜಿಕೆ ಅನ್ನೋದು ಒಂದೇ ನೋಟಕ್ಕೆ ತಿಳಿಯುತ್ತಿತ್ತು.

ಆಮೇಲೆ ಬಂದ ಕಾಮಿಡಿ ಟ್ರ್ಯಾಕ್ ಅನ್ನುವ ವ್ಯವಸ್ಥೆಯಲ್ಲಿ ಪರದೆ ಉಳಿಯಿತು, ಗರಡಿ ಹೋಯಿತು. ಹೀರೋ ಕಥೆ ಒಂದು ಕಡೆ. ಹಾಸ್ಯ ನಟರ ಗುಂಪು ಇನ್ನೊಂದು ಕಡೆ, ಬಾಳೆಹಣ್ಣಿನ ಸಿಪ್ಪೆ ಹುಡುಕಿಕೊಂಡು. ಅವರು ಯಾಕೆ ಓಡುತ್ತಾರೆ, ಯಾಕೆ ಒದೆ ತಿನ್ನುತ್ತಾರೆ ಅಂತ ನಿರ್ದೇಶಕರಿಗೂ ಗೊತ್ತಿರುವುದಿಲ್ಲ. ಬಿದ್ದ ಕೂಡಲೇ "ಟೊಂಯ್ಯ್" ಅಂತ ಒಂದು ಸದ್ದು. ಇಟಲಿಯ ಆ ಹಲಗೆಯೂ ಸದ್ದೇ ಮಾಡುತ್ತಿತ್ತು, ಸದ್ದಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಲ್ಲಿ ಮೈ ಮೊದಲು, ಸದ್ದು ಆಮೇಲೆ. ಇಲ್ಲಿ ಮೈ ಮಾಡದ ಕೆಲಸವನ್ನು ಸದ್ದಿಗೆ ವಹಿಸಿದ್ದಾರೆ. ಇನ್ನು ಜಾತ್ರೆಯ ನಾಟಕಗಳಲ್ಲಿ ಬೀಳುವ ಕೆಲಸವನ್ನು ಬಹುಪಾಲು ಡಬಲ್ ಮೀನಿಂಗ್ ಮಾತು ನುಂಗಿ ಹಾಕಿದೆ. ನಾಲಿಗೆಗೆ ಮೂಳೆ ಇಲ್ಲ, ಬಿದ್ದರೆ ನೋವೂ ಇಲ್ಲ, ಅದಕ್ಕೇ ಇರಬೇಕು.

ಅಣ್ಣನ ಮಗನ ಪರವಾಗಿಯೂ ಒಂದು ಸಾಕ್ಷಿ ಇದೆ. ಸಿಂಗೀತಂ ಶ್ರೀನಿವಾಸರಾವ್ ಅವರ 'ಪುಷ್ಪಕ ವಿಮಾನ', 1987. ಬೆಂಗಳೂರಿನಲ್ಲೇ ತೆಗೆದದ್ದು, ನಮ್ಮ ಶೃಂಗಾರ್ ನಾಗರಾಜ್ ಅದರ ನಿರ್ಮಾಪಕರಲ್ಲಿ ಒಬ್ಬರು. ಇಡೀ ಚಿತ್ರದಲ್ಲಿ ಒಂದೂ ಮಾತಿಲ್ಲ. ಮಾತಿಲ್ಲ ಅಂದರೆ ಕಥೆ ಇಲ್ಲ ಅಂತ ಅಲ್ಲ. ಅದರಲ್ಲಿ ಬೇಕಾದಷ್ಟು ಕಥೆ ಇದೆ. ಕೆಲಸ ಇಲ್ಲದ ಹುಡುಗ ಸಿನಿಮಾ ಟಾಕೀಸಿನ ಪಕ್ಕದ ಗದ್ದಲದ ಕೋಣೆಯಲ್ಲಿ ಬದುಕಿರುತ್ತಾನೆ. ಹೇಗೋ ದೊಡ್ಡ ಹೋಟೆಲಿನ ಮೆತ್ತನೆ ಹಾಸಿಗೆಗೆ ಬಂದು ಸೇರುತ್ತಾನೆ. ಅಲ್ಲಿ ಅವನಿಗೆ ನಿದ್ದೆ ಬರುವುದಿಲ್ಲ. ಕೊನೆಗೆ ಹಳೇ ಕೋಣೆಗೆ ಹೋಗಿ ಆ ಗದ್ದಲವನ್ನು ಟೇಪಿನಲ್ಲಿ ತುಂಬಿಕೊಂಡು ಬಂದು, ಅದನ್ನು ಹಚ್ಚಿ ಮಲಗುತ್ತಾನೆ. ಈ ನಗೆಗೆ ಹಳೇ ಕೋಣೆಯ ನೆನಪು ಬೇಕು. ಅಂದರೆ ಕಥೆ ಬೇಕು. ಕಥೆಯೇ ಹೆತ್ತ ನಗೆ ಇದು. ಹಾಲುಗಂಬದಿಂದ ಇದು ಸಿಗುವುದಿಲ್ಲ. ಹುಡುಗ ಈ ಚಿತ್ರವನ್ನು ನನ್ನ ಮುಂದೆ ಇಟ್ಟಾಗ ನಾನು ಸ್ವಲ್ಪ ಹೊತ್ತು ಚುರುಮುರಿ ತಿನ್ನುವುದರಲ್ಲಿ ಮಗ್ನನಾದೆ.

ಉದ್ದದ ಪ್ರಶ್ನೆಯೂ ಇದೆ. ಇಪ್ಪತ್ತು ನಿಮಿಷ ಯಾರನ್ನಾದರೂ ಬೀಳಿಸಿ ಎಬ್ಬಿಸಿ ನಗಿಸಬಹುದು. ಒಂದೂವರೆ ತಾಸು? ಕೀಟನ್ 1923ರ ಹೊತ್ತಿಗೆ ಕಿರುಚಿತ್ರ ಬಿಟ್ಟು ಉದ್ದ ಚಿತ್ರಗಳಿಗೆ ಬಂದಾಗ ಒಂದು ನಿಯಮ ಹಾಕಿಕೊಂಡ. ಕಾರ್ಟೂನಿನ ಹಾಗೆ ಎಂದೂ ನಡೆಯಲಾರದ ತಮಾಷೆಗಳನ್ನು ಬಿಟ್ಟುಬಿಟ್ಟ. ಉದ್ದ ಚಿತ್ರದಲ್ಲಿ ಜನ ಪಾತ್ರವನ್ನು ನಂಬಬೇಕು, ಒಂದು ಸಲ ನಂಬಿಕೆ ಹೋದರೆ ಮುಂದಿನದಕ್ಕೆ ಕೂರುವುದಿಲ್ಲ ಅನ್ನೋದು ಅವನ ಲೆಕ್ಕ. ಅಂದರೆ ಕಥೆ ಪುಕ್ಕಟೆ ಬರಲಿಲ್ಲ. ಅದಕ್ಕಾಗಿ ಕೆಲವು ನಗೆ ಬಿಟ್ಟುಕೊಡಬೇಕಾಯಿತು. ಅವನ ಕಿರುಚಿತ್ರಗಳ ಹುಚ್ಚು ಸ್ವಾತಂತ್ರ್ಯ ಉದ್ದ ಚಿತ್ರಗಳಲ್ಲಿ ಅಷ್ಟಿಲ್ಲ. ನನಗೆ ಕಿರುಚಿತ್ರಗಳೇ ಒಂದು ಗುಲಗಂಜಿ ತೂಕ ಹೆಚ್ಚು ಇಷ್ಟ.

ಚಾಪ್ಲಿನ್ ಕಷ್ಟಪಟ್ಟದ್ದೂ ಇಲ್ಲೇ. 1931ರಲ್ಲಿ ಬಂದ 'ಸಿಟಿ ಲೈಟ್ಸ್'ನಲ್ಲಿ ಹೂ ಮಾರುವ ಕುರುಡಿ ಹುಡುಗಿ ಈ ಭಿಕಾರಿಯನ್ನು ಶ್ರೀಮಂತ ಅಂತ ತಿಳಿಯಬೇಕು. ಹೇಗೆ ತಿಳಿಯಬೇಕು? ಈ ಒಂದು ಗಂಟು ಬಿಡಿಸಲು ಅವನು ಆ ದೃಶ್ಯವನ್ನು ಮತ್ತೆ ಮತ್ತೆ ತೆಗೆದ, ತಿಂಗಳುಗಟ್ಟಲೆ ಒದ್ದಾಡಿದ. ಕೊನೆಗೆ ಹೊಳೆದದ್ದು ಕಾರಿನ ಬಾಗಿಲು. ದಟ್ಟಣೆ ದಾಟಲು ಅವನು ನಿಂತ ಕಾರೊಳಗೆ ಹೊಕ್ಕು ಈಚೆ ಬಾಗಿಲಿನಿಂದ ಇಳಿಯುತ್ತಾನೆ. ಬಾಗಿಲು ಹಾಕಿದ ಸದ್ದು ಕೇಳಿ ಇವನು ಕಾರಿನವನು ಅಂದುಕೊಳ್ಳುತ್ತಾಳೆ. ಮೂಕಿ ಚಿತ್ರದಲ್ಲಿ ಸದ್ದಿನ ಮೇಲೆ ಕಥೆ ನಿಲ್ಲಿಸಿದ ಗಟ್ಟಿಗ! ಆದರೆ ಗಮನಿಸಿ, ಅದೇ 'ಸಿಟಿ ಲೈಟ್ಸ್'ನಲ್ಲಿ ಒಂದು ಬಾಕ್ಸಿಂಗ್ ಪಂದ್ಯ ಇದೆ. ರೆಫರಿಯ ಹಿಂದೆ ಅಡಗಿಕೊಂಡು ಕುಣಿಯುವ ಆ ಪಂದ್ಯವನ್ನು ಕತ್ತರಿಸಿ ಬೇರೆ ತೋರಿಸಿದರೂ ಜನ ಬಿದ್ದು ಬಿದ್ದು ನಗುತ್ತಾರೆ. ಕಾರಿನ ಬಾಗಿಲನ್ನು ಹಾಗೆ ಕತ್ತರಿಸಿ ತೋರಿಸಲು ಆಗುವುದಿಲ್ಲ. ಎರಡೂ ಒಬ್ಬನೇ ಮಾಡಿದ್ದು.

ಈಗ ಮೊಬೈಲಿನಲ್ಲಿ ಬೀಳುವವರ ವಿಡಿಯೊ ಸಾಲು ಸಾಲು ಬರುತ್ತವೆ. ಮದುವೆ ಸ್ಟೇಜ್ ಕುಸಿಯಿತು, ಬೈಕಿನವ ಕೆಸರಿಗೆ ಹೋದ, ಸೆಲ್ಫಿ ತೆಗೆಯುವವ ಕೆರೆಗೆ ಬಿದ್ದ. ಮೊದಲ ಎರಡಕ್ಕೆ ನಗು ಬರುತ್ತದೆ. ಆಮೇಲೆ ಬೆರಳು ಮಾತ್ರ ಆಡುತ್ತಿರುತ್ತದೆ, ಮುಖ ಆಡುವುದಿಲ್ಲ. ಕಥೆ ಇಲ್ಲದ್ದಕ್ಕೆ ಬೇಸರ ಅಂತ ಹುಡುಗ ಹೇಳುತ್ತಾನೆ. ನನಗೆ ಹಾಗೆ ಅನಿಸುವುದಿಲ್ಲ. ಆ ಬೈಕಿನವನು ಎಲ್ಲಿಗೆ ಹೊರಟಿದ್ದ ಅಂತ ನಮಗೆ ಗೊತ್ತಿಲ್ಲ. ಎದ್ದನೋ ಇಲ್ಲವೋ ಅದೂ ಗೊತ್ತಿಲ್ಲ, ಅಷ್ಟರಲ್ಲಿ ಮುಂದಿನವ ಬಿದ್ದಿರುತ್ತಾನೆ. ಮತ್ತೆ ಅವರು ಯಾರೂ ನಮಗಾಗಿ ಬಿದ್ದವರಲ್ಲ.

ಮಿಸ್ಟರ್ ಬೀನ್ ಟಿವಿಯಲ್ಲಿ ಬರುವಾಗ ನಮ್ಮ ಅವ್ವ ಬಿಡದೆ ನೋಡುತ್ತಿದ್ದಳು. ಇಂಗ್ಲಿಷ್ ಒಂದಕ್ಷರ ಬರುವುದಿಲ್ಲ, ಬೇಕಾಗಲೂ ಇಲ್ಲ. ಕ್ರಿಸ್‌ಮಸ್ ಹಬ್ಬಕ್ಕೆ ತಂದ ದೊಡ್ಡ ಕೋಳಿಯೊಳಗೆ ಅವನ ತಲೆ ಸಿಕ್ಕಿಕೊಂಡ ಕಂತನ್ನು ಮರುದಿನ ಪಕ್ಕದ ಮನೆ ವೈನಿಗೆ ಹೇಳಲು ಹೋದಳು. "ಅಂವಾ ಕೋಳಿಯೊಳಗ ತಲಿ ಹಾಕ್ದ" ಅಂದಳು. ವೈನಿ ಸುಮ್ಮನೆ ನೋಡಿದರು. ಅವ್ವ ಒಳಗೆ ಹೋಗಿ ಒಂದು ಬುಟ್ಟಿ ತಂದು ತಲೆಗೆ ಬೋರಲು ಹಾಕಿಕೊಂಡು ಕಟ್ಟೆ ಮೇಲೆ ತಡಕಾಡುತ್ತ ನಡೆದು ತೋರಿಸಿದಳು. ಇಡೀ ಓಣಿ ನಕ್ಕಿತು.

ನೋಡಿ ಬಂದವರು ಸಂಕೋಚಪಡುವುದು ಇದಕ್ಕೇ ಇರಬೇಕು ಅಂತ ನನಗೆ ಈಗ ಅನಿಸುತ್ತದೆ. ಕಥೆಯನ್ನು ಬಾಯಲ್ಲಿ ಹೊತ್ತು ಮನೆಗೆ ತರಬಹುದು. ಕಟ್ಟೆ ಮೇಲೆ ಕೂತು ಹಂಚಬಹುದು. ಬಿದ್ದದ್ದನ್ನು ಹಾಗೆ ತರಲು ಬರುವುದಿಲ್ಲ. ಅದನ್ನು ಹೇಳಲು ಹೋದರೆ ನಾವೇ ಬೀಳಬೇಕು. ಅವ್ವನಿಗೆ ಆ ಧೈರ್ಯ ಇತ್ತು. ಮೀಸೆ ತಿರುವಿಕೊಂಡು ಟಾಕೀಸಿನಿಂದ ಹೊರಬರುವ ಗಂಡಸರಿಗೆ ಇರುವುದಿಲ್ಲ. ಅದಕ್ಕೇ "ಸ್ಟೋರಿ ಏನಿಲ್ಲ ಬಿಡ್ರಿ" ಅಂದು ಮುಗಿಸುತ್ತಾರೆ.

ಅಣ್ಣನ ಮಗ ಈಗ ತಾನೇ ಒಂದು ಕಿರುಚಿತ್ರ ಮಾಡಲು ಹೊರಟಿದ್ದಾನೆ. ಒಬ್ಬ ಮನುಷ್ಯ ಉದ್ದನೆಯ ಏಣಿ ಹಿಡಿದುಕೊಂಡು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಲು ಚಿಗರಿ ಬಸ್ ಹತ್ತಬೇಕು. ಬಸ್ಸಿನ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಐಡಿಯಾ ಬಲೇ ಚೊಲೊ ಐತಿ ಅಂದೆ. ಆದರೆ ಸ್ಕ್ರಿಪ್ಟಿನಲ್ಲಿ ಏಣಿಗೂ ಮೊದಲು ಒಂದು ಮುರಿದ ಪ್ರೇಮ, ಒಂದು ಫ್ಲ್ಯಾಶ್‌ಬ್ಯಾಕು, ಮಳೆಯಲ್ಲಿ ಒಂದು ಹಾಡು ಇತ್ತು.

"ಫ್ಲ್ಯಾಶ್‌ಬ್ಯಾಕ್ ತಗದ ಹಾಕಪಾ" ಅಂದೆ.

"ತಗದ್ರ ಅಂವಾ ಏಣಿ ಯಾಕ ಒಯ್ಯಾಕತ್ತಾನ ಅಂತ ಗೊತ್ತಾಗಬೇಕಲ್ಲ ಕಾಕಾ?"

"ದೀಪಾವಳಿ ಬಂತು. ಧಾರವಾಡದಾಗ ಅವನ ಅಜ್ಜಿ ಮನಿಗೆ ಸುಣ್ಣ ಹಚ್ಚಬೇಕು. ಅಷ್ಟ ಸಾಕು."

ಅವನು ನನ್ನ ಮುಖ ನೋಡಿ ನಕ್ಕ. "ಅದೂ ಸ್ಟೋರಿನ ಆತಲ್ಲ!"

ಅದನ್ನು ಸ್ಟೋರಿ ಅಂತ ಒಪ್ಪಲು ನಾನಿನ್ನೂ ತಯಾರಿಲ್ಲ. ಸದ್ಯಕ್ಕೆ ತಕರಾರು ಬೇರೆ ಕಡೆ ತಿರುಗಿದೆ. ಬಸ್ಸಿನಲ್ಲಿ ಏಣಿ ಹತ್ತಿಸಿಕೊಳ್ಳುವುದಿಲ್ಲ ಅಂತ ಯಾರೋ ಅವನಿಗೆ ಹೇಳಿದ್ದಾರೆ. ಏಣಿ ಬದಲು ಛತ್ರಿ ಇಡೋಣ ಅನ್ನುತ್ತಿದ್ದಾನೆ. ಛತ್ರಿ ಮಡಚಿದರೆ ಸಣ್ಣದಾಗಿಬಿಡುತ್ತದೆ, ಬಾಗಿಲಿಗೆ ಸಿಕ್ಕುವುದಿಲ್ಲ, ಅದರಲ್ಲಿ ಮಜಾ ಇಲ್ಲ ಅನ್ನೋದು ನನ್ನ ವಾದ. ಸುತ್ತಿದ ಗಾದಿ ಆದೀತು. ಗಾದಿ ಹೊತ್ತವನಿಗೆ ಮುಂದೆ ಏನೂ ಕಾಣುವುದಿಲ್ಲ, ಬಾಗಿಲಿಗೂ ಸರಿಯಾಗಿ ಸಿಕ್ಕಿಕೊಳ್ಳುತ್ತದೆ. ನಮ್ಮ ಅಟ್ಟದ ಮೇಲೆ ಒಂದು ಹಳೇ ಹತ್ತಿ ಗಾದಿ ಇದೆ, ಬೇಕಾದರೆ ಒಯ್ಯಿ ಅಂತ ಹೇಳಿಟ್ಟಿದ್ದೇನೆ.